ಜೇಬಿನ ಬಿಳಿ ಬಟ್ಟೆ

ಆ ಶೆಡ್ಡಿಗೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ಮೊದಲ ದಿನ ಎರಡು ಮಾತು ಹೇಳುತ್ತಿದ್ದರು. ದಾರ ಕತ್ತರಿಸುವ ಸಣ್ಣ ಕತ್ತರಿಯನ್ನು ಕೊರಳಿಗೆ ಕಟ್ಟಿಕೋ, ಕಳೆದರೆ ನಿನ್ನ ತಲೆಯ ಮೇಲೆ ಬರುತ್ತದೆ. ಬಿಳಿ ಬಟ್ಟೆ ಉಟ್ಟುಕೊಂಡು ಬರಬೇಡ.

ಎರಡನೆಯ ಮಾತಿಗೆ ಕಾರಣ ಕೇಳುವವರಿರಲಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯಾವ ಶೆಡ್ಡಿಗೆ ಹೋದರೂ ಹೀಗೇ. ನೀರು ಕಾಣದ ಹೊಸ ಬಟ್ಟೆ ನೀಲಿ ಬಿಡುತ್ತದೆ. ಮುಟ್ಟಿದ ಕೈಗೆ ನೀಲಿ, ಆ ಕೈಯಲ್ಲಿ ಮುರಿದ ರೊಟ್ಟಿಗೆ ನೀಲಿ, ಬೆವರು ಒರೆಸಿದ ಹಣೆಗೆ ನೀಲಿ. ಮೂಗು ಸೀನಿದರೂ ನೀಲಿ. ಹಾಗಾಗಿ ಕಪ್ಪು, ಕಂದು, ಬದನೆಕಾಯಿ ಬಣ್ಣದ ಹಳೇ ಸೀರೆಗಳೇ ಕೆಲಸಕ್ಕೆ ಲಾಯಕ್ಕು.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೊಸಬಳು ಎರಡು ಮೂರು ದಿನದಲ್ಲಿ ತಾನೇ ತಿಳಿದುಕೊಳ್ಳುತ್ತಿದ್ದಳು. ಗವಿಸಿದ್ದಪ್ಪ ಮಾಸ್ಟರನ ಕೈಯೂ ನೀಲಿ.

ಅವನು ಮೊದಲು ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್. ಈಗ ಇಡೀ ಶೆಡ್ಡಿಗೆ ಸೂಪರ್‌ವೈಜರ್. ಬೆಳಿಗ್ಗೆ ಸುತ್ತಿಟ್ಟ ಬಟ್ಟೆಯ ಥಾನು ಮುಟ್ಟಿ ನೋಡಿ, ಆಮೇಲೆ ಮಿಷನ್ನುಗಳ ಸಾಲಿನಲ್ಲಿ ನಡೆದು ಬರುತ್ತಿದ್ದ. ಹೊಲಿಯುವವಳ ಕೈ ಮಿಷನ್ನಿನಲ್ಲಿರುತ್ತದೆ. ಕಣ್ಣು ಸೂಜಿಯ ಮೇಲಿರುತ್ತದೆ. ತಿರುಗಿದರೆ ಸೂಜಿ ಬೆರಳಿಗೆ ಇಳಿಯುತ್ತದೆ. ಅದು ಅವನಿಗೂ ಗೊತ್ತು. ಹಿಂದಿನಿಂದ ಬಂದು ಬೆನ್ನ ಮೇಲೆ ಕೈ ಇಡುತ್ತಿದ್ದ. "ಹೊಲಿಗಿ ಸೊಟ್ಟ ಆಗೇತಲ್ಲ" ಎನ್ನುತ್ತ ಆ ಕೈ ಪಕ್ಕೆಗೆ ಜಾರುತ್ತಿತ್ತು. ಸಂಜೆ ಮನೆಗೆ ಹೋದ ಹೆಂಗಸರು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಸೀರೆ ಬಿಚ್ಚಿ, ಸೋಪು ಹಚ್ಚಿ, ಕಲ್ಲಿಗೆ ಬಡಿಯುವುದು.

ಜುಬೇದಾ ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು. ಕುರುಗೋಡಿನ ಪಿಂಜಾರ ಓಣಿಯವಳು. ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು. ಅರವತ್ತು ದಾಟಿತ್ತು. ಗಂಡ ಶಾಬುದ್ದೀನ್ ಅರಳೆ ಹಿಂಜುತ್ತ ಹಿಂಜುತ್ತ ಎದೆ ಕಟ್ಟಿ ಸತ್ತು ಇಪ್ಪತ್ತೈದು ವರ್ಷವಾಗಿತ್ತು. ದಿನಾ ಏಳರ ಬಸ್ಸಿಗೆ ಬಳ್ಳಾರಿಗೆ ಬಂದು ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ಜೇಬು ಮಾತ್ರ. ಎಷ್ಟು ಲಕ್ಷ ಜೇಬು ಹೊಲಿದಿದ್ದಳೋ, ಅವುಗಳಲ್ಲಿ ಯಾರು ಯಾರು ಕೈ ಇಟ್ಟುಕೊಂಡು ತಿರುಗಿದರೋ. ಅವಳಿಗೆ ಇಸವಿ ತಿಳಿಯುತ್ತಿರಲಿಲ್ಲ. ಪ್ಯಾಂಟು ತಿಳಿಯುತ್ತಿತ್ತು. ಸೊಂಟದ ಪಟ್ಟಿ ಕೆಳಗಿಳಿದ ವರ್ಷ ಸೊಸೆ ಬಂದಳು. ಮೊಣಕಾಲು ಹರಿದ ಪ್ಯಾಂಟು ಬಂದ ವರ್ಷ ಮೊಮ್ಮಗ ಹುಟ್ಟಿದ. ಹೀಗೆ ಹೇಳುತ್ತಿದ್ದಳು. ಹೇಳಿದ್ದು ಎಂದೂ ತಪ್ಪುತ್ತಿರಲಿಲ್ಲ. ಮಾತು ಕಡಿಮೆ. ಕೇಳಿದ್ದನ್ನು, ಕಂಡದ್ದನ್ನು ಒಳಗೆ ಇಟ್ಟುಕೊಳ್ಳುವವಳು.

ಸುನಂದಾ ಅದೇ ಊರಿನ ಪಕ್ಕದ ಓಣಿಗೆ ಸೊಸೆಯಾಗಿ ಬಂದವಳು. ಗಂಡ ಪರಶು ಮೂಟೆ ಹೊರುವವನು. ಇಪ್ಪತ್ತನಾಲ್ಕರ ಪ್ರಾಯ. ಪಿಯುಸಿ ಓದಿದ್ದಳು. ಅವಳನ್ನು ಶೆಡ್ಡಿಗೆ ಕರೆತಂದು ಸೇರಿಸಿದವಳು ಜುಬೇದಾಳೇ.

ಒಂದು ಗುರುವಾರ ಗವಿಸಿದ್ದಪ್ಪ ಅವಳನ್ನು ಜಿಪ್ಪಿನ ಪಾಕೀಟು ತರಲು ಥಾನಿನ ಕೋಣೆಗೆ ಕಳಿಸಿದ. ಹಿಂದೆಯೇ ಹೋದ. ಬಾಗಿಲು ಮುಚ್ಚಿತು. ಮಿಷನ್ನುಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದವಳು ಜುಬೇದಾ. ಅವಳು ತಲೆ ಎತ್ತಲಿಲ್ಲ. ಬಾಗಿಲು ಮತ್ತೆ ತೆರೆದಾಗ ಸುನಂದಾ ಕೊರಳ ಕತ್ತರಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಬ್ಲೌಸಿನ ತೋಳು ಹರಿದಿತ್ತು. ತನ್ನ ಜಾಗಕ್ಕೆ ಹೋಗಲಿಲ್ಲ. ನೆಟ್ಟಗೆ ಆಫೀಸಿಗೆ ನಡೆದು, ಸಾವ್ಕಾರ ದೊಡ್ಡಬಸವರಾಜನ ಮುಂದೆ ನಿಂತು, ಆದದ್ದನ್ನು ಆದ ಹಾಗೆ ಹೇಳಿದಳು.

ಹಾಗೆ ಯಾರೂ ಹೇಳಿರಲಿಲ್ಲ. ಮೂವತ್ತು ವರ್ಷದಲ್ಲಿ ಒಬ್ಬಳೂ.

ಗೋಡೆಯ ಮೇಲೆ ಹೆಣ್ಣುಮಕ್ಕಳ ದೂರು ಕೇಳುವ ಸಮಿತಿ ಎಂದು ಒಂದು ಹಾಳೆ ಅಂಟಿಸಿತ್ತು. ಸಾವ್ಕಾರನ ಹೆಂಡತಿಯೇ ಅದಕ್ಕೆ ಅಧ್ಯಕ್ಷೆ. ಜೊತೆಗೆ ಆಫೀಸಿನ ಗುಮಾಸ್ತ, ಗಾಂಧಿನಗರದ ಒಬ್ಬ ವಕೀಲ. ಎರಡು ದಿನ ಬಿಟ್ಟು ಸಮಿತಿ ಕೂತಿತು. ಸುನಂದಾಳನ್ನು ನಿಲ್ಲಿಸಿದರು. ಗವಿಸಿದ್ದಪ್ಪನಿಗೆ ಕುರ್ಚಿ ಹಾಕಿದರು.

"ಅವತ್ತು ಉಟ್ಟ ಸೀರಿ ಎಲ್ಲೈತಿ?" ವಕೀಲ ಕೇಳಿದ.

"ಒಗದೀನ್ರಿ."

"ಯಾಕ ಒಗದಿ?"

"ಅದನ್ನ ಮೈಮ್ಯಾಲ ಇಟ್ಕೊಂಡು ಹೆಂಗ ಇರ್ಲಿರಿ?"

ವಕೀಲ ಏನೋ ಬರೆದುಕೊಂಡ. ಜುಬೇದಾಳನ್ನು ಕರೆಸಿದರು.

"ಬಾಗಲ ಹತ್ರ ನೀನ ಇದ್ದಿ. ಏನರ ನೋಡಿದೇನು, ಅಜ್ಜಿ?"

ಜುಬೇದಾ ಸುನಂದಾಳ ಕಡೆ ನೋಡಲಿಲ್ಲ. "ನಾ ನೋಡಿಲ್ರಿ" ಎಂದಳು.

ಅದು ಸುಳ್ಳಲ್ಲ. ಅಷ್ಟೇ ಅದರಲ್ಲಿದ್ದ ನಿಜ.

ಮರುದಿನ ಸುನಂದಾಳ ಕೈಯಲ್ಲಿ ಕಾಗದ ಬರೆಸಿದರು. ಬರೆಯದಿದ್ದರೆ ಮಾನನಷ್ಟದ ಕೇಸು ಎಂದರು. ಗಂಡನನ್ನು ಕರೆಸಿ ಅವನ ಮುಂದೆಯೇ "ಹೆಂಗಸ್ರು ಒಂದ ಕೈಲೆ ಚಪ್ಪಾಳಿ ಹೊಡಿತಾರೇನಪಾ" ಎಂದರು. ಪರಶು ಹೆಂಡತಿಯ ಮುಖ ನೋಡಿ, "ನೀ ಏನ್ ಮಾಡಿದ್ದಿ?" ಎಂದು ಕೇಳಿದ. ಅವಳು ಆಗ ಬರೆದಳು. ಮಿಷನ್ನು ನಿಲ್ಲಿಸಿ ನಲವತ್ತು ಹೆಂಗಸರ ಮುಂದೆ ಓದಿಸಿದರು.

"ಸುನಂದಾ ಎಂಬ ನಾನು ಗವಿಸಿದ್ದಪ್ಪ ಮಾಸ್ಟರ ಮೇಲೆ ಸುಳ್ಳು ಹೇಳಿದ್ದೇನೆ. ನನ್ನ ನಡತೆಗೆ ನಾಚಿಕೆಪಡುತ್ತೇನೆ..."

"ಹಿಂದಿನವ್ರಿಗೆ ಕೇಳಂಗಿಲ್ಲ" ಎಂದ ಗವಿಸಿದ್ದಪ್ಪ ಬಾಗಿಲಿಗೆ ಒರಗಿಕೊಂಡು. "ಜೋರಾಗಿ ಓದು."

ಅವಳು ಮೊದಲಿನಿಂದ ಮತ್ತೆ ಓದಿದಳು. ಜೋರಾಗಿ. ಆ ಕಾಗದವನ್ನು ಹಾಜರಿ ಹಾಕುವ ಜಾಗದಲ್ಲಿ ಗೋಡೆಗೆ ಅಂಟಿಸಿದರು. ದಿನಾ ಬರುವಾಗ ಹೋಗುವಾಗ ಎಲ್ಲರೂ ನೋಡಲಿ ಎಂದು.

ಅವತ್ತು ಸಂಜೆ ಬಸ್ಸಿನಲ್ಲಿ ಜುಬೇದಾ ಪಕ್ಕದ ಸೀಟು ಹಿಡಿದಿಟ್ಟಿದ್ದಳು. ಸುನಂದಾ ಕೂರಲಿಲ್ಲ. ಕುರುಗೋಡು ಬರುವವರೆಗೆ ಕಂಬಿ ಹಿಡಿದು ನಿಂತೇ ಬಂದಳು. ಇಳಿದ ಮೇಲೆ ಒಂದು ಮಾತು ಕೇಳಿದಳು.

"ಜುಬೇದವ್ವ, ನೀವು ನೋಡಿಲ್ಲ, ಖರೆ. ಗೊತ್ತಿತ್ತೋ ಇಲ್ಲೋ?"

ಸುನಂದಾ ಉತ್ತರಕ್ಕೆ ಕಾಯದೆ ಮನೆಯ ದಾರಿ ಹಿಡಿದಳು.

ಗೊತ್ತಿತ್ತು. ಬ್ಯಾಗಿ ಪ್ಯಾಂಟು ಮೊದಲ ಸಲ ಬಂದ ವರ್ಷದಿಂದ ಗೊತ್ತಿತ್ತು. ಆಗ ಗವಿಸಿದ್ದಪ್ಪ ಮೀಸೆ ಚಿಗುರಿದ ಕೆಲಸಗಾರ, ಕಟಿಂಗ್ ಮಿಷನ್ನಿನ ಮುಂದೆ ನಿಲ್ಲುತ್ತಿದ್ದ. ಒಂದು ದಿನ ಎಡಗೈಯಿಂದ ಬಟ್ಟೆ ತಳ್ಳುವಾಗ ಬ್ಲೇಡು ಉಂಗುರದ ಬೆರಳನ್ನು ಬುಡದಿಂದ ತೆಗೆದುಕೊಂಡು ಹೋಯಿತು. ಗಂಡಸರು ರಕ್ತ ನೋಡಿ ಹಿಂದೆ ಸರಿದರು. ಜುಬೇದಾ ತನ್ನ ಮುಂದಿದ್ದ, ಜೇಬಿನ ಒಳಚೀಲಕ್ಕೆ ಹಾಕುವ ಬಿಳಿ ಬಟ್ಟೆ ಹರಿದು ಕೈಗೆ ಸುತ್ತಿದಳು. ಆಸ್ಪತ್ರೆ ಮುಟ್ಟುವವರೆಗೆ ಹಿಸುಕಿ ಹಿಡಿದುಕೊಂಡಿದ್ದಳು. "ನೀ ನನ್ನ ಅಕ್ಕನಂಗ" ಎಂದು ಅವನು ಅತ್ತ.

ಗಾಯ ಒಣಗಿತು. ಎಂಟು ತಿಂಗಳ ಮೇಲೆ ಅದೇ ಥಾನಿನ ಕೋಣೆಯಲ್ಲಿ, ಮೂರು ಬೆರಳು ಒಂದು ಹೆಬ್ಬೆರಳಿನ ಅದೇ ಕೈ ಅವಳ ಎದೆಯ ಮೇಲೆ ಬಂತು. ಇನ್ನೊಂದು ಕೈ ಬಾಯಿಯ ಮೇಲೆ. ಶಾಬುದ್ದೀನ್ ಆಗ ಹಾಸಿಗೆ ಹಿಡಿದಿದ್ದ. ಜುಬೇದಾ ಸಂಜೆ ಮನೆಗೆ ಹೋಗಿ ಸೀರೆ ಒಗೆದಳು. ಮರುದಿನ ಏಳರ ಬಸ್ಸು ಹತ್ತಿದಳು. ಯಾರಿಗೂ ಹೇಳಲಿಲ್ಲ. ಆಮೇಲೆ ಬಂದ ಹುಡುಗಿಯರಿಗೆ ಬಿಳಿ ಉಡಬೇಡಿ ಎಂದು ಹೇಳುವುದನ್ನು ಶುರು ಮಾಡಿದವಳೂ ಅವಳೇ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು. ಗಂಡಂದಿರ ಕಣ್ಣಿಗೆ ಬೀಳದಿರಲಿ, ಮನೆ ಉಳಿಯಲಿ ಎಂದುಕೊಂಡಿದ್ದಳು. ಮೂವತ್ತು ವರ್ಷ ಅವಳು ಮುಚ್ಚಿಟ್ಟದ್ದು ಹೆಂಗಸರ ಮರ್ಯಾದೆಯನ್ನಲ್ಲ. ಅವನ ಕೈಯನ್ನು.

ಆ ಮಾತು ಅವಳಿಗೆ ಬಸ್ ಸ್ಟ್ಯಾಂಡಿನಲ್ಲೇ ಹೊಳೆಯಿತು. ಅವಳ ಸಿಟ್ಟು ಕೂಗುವ ಸಿಟ್ಟಲ್ಲ.

ಅವಕಾಶ ಒಂದೂವರೆ ತಿಂಗಳ ಮೇಲೆ ಬಂತು. ಬೆಂಗಳೂರಿನ ದೊಡ್ಡ ಕಂಪನಿಯೊಂದು ಆರ್ಡರ್ ಕೊಡುವುದರಲ್ಲಿತ್ತು. ತಮ್ಮ ಜನ ಆಗಾಗ ಬಂದು ಶೆಡ್ಡು ನೋಡುತ್ತಾರೆ, ಕೆಲಸದವರಿಗೆಲ್ಲ ಒಂದೇ ತರದ ಮೇಲಂಗಿ ಬೇಕು ಎಂದರು. ದೊಡ್ಡಬಸವರಾಜ ತಲೆ ತುರಿಸಿಕೊಳ್ಳುತ್ತ ನಿಂತಾಗ ಜುಬೇದಾ ಮಿಷನ್ನು ನಿಲ್ಲಿಸಿದಳು.

"ಸಾವ್ಕಾರ್ರ, ಜೇಬಿನ ಬಟ್ಟಿ ತುಂಡು ಮೂರು ಮೂಟಿ ಬಿದ್ದಾವ್ರಿ. ಇಲಿ ಕಡಿಯಾಕತ್ತಾವ. ಜೋಡಿಸಿ ನಾನ ಹೊಲಿತೀನಿ."

"ಬಿಳೇದಲ್ಲ, ಅದು?"

"ಬಂದವ್ರ ಕಣ್ಣಿಗೆ ಚೊಕ್ಕ ಕಾಣ್ತೈತ್ರಿ. ಒಬ್ಬೊಬ್ಬಾಕಿಗೆ ಎರಡೆರಡು ಹೊಲದ್ರ, ದಿನಾ ಸಂಜಿಗೆ ನಾ ತಗೊಂಡು ಮರುದಿನ ಬ್ಯಾರೇದು ಕೊಡ್ತೀನಿ."

ದೊಡ್ಡಬಸವರಾಜನಿಗೆ ಖರ್ಚಿಲ್ಲದ ಮಾತು ಬೇಗ ಹಿಡಿಸುತ್ತಿತ್ತು. ಗವಿಸಿದ್ದಪ್ಪ ನಕ್ಕ. "ಬಿಡ್ರಿ, ಮುದುಕಿ ಒಂದು ಕೆಲಸಕ್ಕ ಬಂದ್ಲು."

ಅವನಿಗೆ ಸಂಶಯ ಬರಲಿಲ್ಲ. ಬರುವುದಾದರೂ ಹೇಗೆ? ಮೂವತ್ತು ವರ್ಷ ಕಪ್ಪು ಸೀರೆಗಳ ಮೇಲೆ ಕೈಯಾಡಿಸಿದವನು. ತನ್ನ ಕೈ ಗುರುತು ಬಿಡುತ್ತದೆ ಎಂಬುದನ್ನು ಅವನೇ ಎಂದೂ ನೋಡಿರಲಿಲ್ಲ. ಒಗೆಯುವ ಕಷ್ಟ ಒಗೆಯುವವರಿಗೆ ಮಾತ್ರ ಗೊತ್ತಿತ್ತು.

ಮೇಲಂಗಿ ಹಂಚುವ ದಿನ ಬುತ್ತಿ ಬಿಚ್ಚುವ ಹೊತ್ತಿಗೆ ಜುಬೇದಾ ಹೆಂಗಸರನ್ನೆಲ್ಲ ಶೆಡ್ಡಿನ ಹಿಂದಿನ ಬೇವಿನ ಗಿಡದ ಕೆಳಗೆ ಕರೆದಳು. ಎರ್ರಮ್ಮ ಮೊದಲು ಬಂದಳು. ಕೇರಿಯವಳು. ಶೆಡ್ಡು ಗುಡಿಸಿ, ಕಕ್ಕಸು ತೊಳೆದು, ಉಳಿದ ಹೊತ್ತಿನಲ್ಲಿ ಗುಂಡಿ ಹಚ್ಚುವವಳು. ಅವಳ ಬಾಯಿಗೆ ಸಾವ್ಕಾರನೂ ಹೆದರುತ್ತಿದ್ದ. ಅವಳ ನೀರಿನ ಲೋಟ ಮಾತ್ರ ಕಿಟಕಿಯ ಹೊರಗೆ ಬೇರೆ ಇರುತ್ತಿತ್ತು.

ಜುಬೇದಾ ಎಲ್ಲರ ಮುಂದೆ ತನ್ನ ಕಥೆ ಹೇಳಿದಳು. ಬೆರಳು ಕಟ್ಟಿದ್ದು. ಥಾನಿನ ಕೋಣೆ. ಒಗೆದ ಸೀರೆ. ಐದು ನಿಮಿಷವೂ ಹಿಡಿಯಲಿಲ್ಲ. ಮೂವತ್ತು ವರ್ಷ ಎಷ್ಟು ಸಣ್ಣದಾಗಿತ್ತು ಎಂದು ಅವಳಿಗೇ ಸೋಜಿಗವಾಯಿತು. ಸುನಂದಾ ದೂರದಲ್ಲಿ ಕೂತಿದ್ದಳು. ರೊಟ್ಟಿ ಕೈಯಲ್ಲೇ ಇತ್ತು.

"ಸಮಿತಿಯಾಗ ನಾ ನೋಡಿಲ್ಲ ಅಂದೆ, ತಂಗಿ" ಎಂದಳು ಜುಬೇದಾ ಅವಳಿಗೆ. "ಇನ್ನ ಎಲ್ಲಾರಿಗೂ ಕಾಣಂಗ ಮಾಡ್ತೀನಿ. ಒಂದ ಕೇಳ್ಕೊಳ್ಳೋದು. ಈ ಅಂಗಿ ಯಾರೂ ಒಗಿಬ್ಯಾಡ್ರಿ. ಹಂಗ ನನ್ನ ಕೈಗೆ ಕೊಡ್ರಿ."

"ಅಂದ್ರ ಏನು, ಯಕ್ಕಾ?" ಎರ್ರಮ್ಮ ಸೆಟೆದಳು. "ಆ ಸೂಳೇಮಗ ಕೈ ಹಾಕ್ಲಿ ಅಂತ ಬೆನ್ನು ಕೊಟ್ಕೊಂಡು ಕುಂದ್ರಬೇಕೇನು?"

"ಬ್ಯಾಡ. ಕೊಸರ್ಕೊಳ್ರಿ, ಒದರ್ರಿ, ಬೈರಿ. ಮೊದಲೂ ಮಾಡ್ತಿದ್ರಿ. ಮಾಡಿದ್ರೂ ಕೈ ಬರ್ತಿತ್ತು. ಒಗಿಯೋದೊಂದು ಬಿಡ್ರಿ."

ಎರ್ರಮ್ಮ ಯೋಚಿಸಿ, ಹಲ್ಲಿನ ಸಂದಿಯಿಂದ ನಕ್ಕಳು. "ಒಗಿಯೋದು ಬಿಡು ಅಂದ್ರ ನನಗೇನು, ಹಬ್ಬ."

ಸುನಂದಾ ಎದ್ದು ಬಂದು ಒಂದು ಮೇಲಂಗಿ ತೆಗೆದುಕೊಂಡಳು.

ಮೊದಲ ವಾರ ಏನೂ ಆಗಲಿಲ್ಲ. ಕಂಪನಿಯವರು ಬರುತ್ತಾರೆಂದು ಗವಿಸಿದ್ದಪ್ಪ ಹುಷಾರಾಗಿದ್ದ. ಬಂದರು, ನೋಡಿದರು, ಬಿಳಿ ಸಾಲು ಚೆಂದ ಎಂದು ಹೊಗಳಿ ಹೋದರು. ಎರಡನೆಯ ವಾರ ಅವನ ಕೈ ಮತ್ತೆ ಸಾಲಿಗೆ ಇಳಿಯಿತು.

ಮೇಲಂಗಿಯ ಮುಂಭಾಗ, ತೋಳು, ಮಡಿಲು ಎಲ್ಲ ಕೆಲಸದ ನೀಲಿ. ಅದರ ನಡುವೆ ಯಾವ ಕಲೆ ಯಾರದೆಂದು ಅವನೂ ನೋಡಲಿಲ್ಲ. ಆದರೆ ಬೆನ್ನಿನ ನಡುವೆ? ಬೆನ್ನಿಗೆ ತನ್ನ ಕೈಯನ್ನು ತಾನೇ ಯಾವ ಹೆಂಗಸೂ ಒತ್ತಿಕೊಳ್ಳಲಾರಳು. ಅಲ್ಲಿ ಬಟ್ಟೆ ಅಚ್ಚ ಬಿಳಿ ಇರುತ್ತಿತ್ತು. ಅಲ್ಲಿ ಕೂತ ಅಂಗೈ ಚಿತ್ರ ಬರೆದ ಹಾಗೆ ಮೂಡುತ್ತಿತ್ತು. ಮುಂದಿನ ಸಾಲಿಗೆ ಹೋದವನು ತಿರುಗಿ ನೋಡುತ್ತಿರಲಿಲ್ಲ. ಬಲಗೈಯಲ್ಲಿ ಅವನು ಸದಾ ಸೀಮೆಸುಣ್ಣ, ಟೇಪು ಹಿಡಿದಿರುತ್ತಿದ್ದ. ಮುಟ್ಟುತ್ತಿದ್ದದ್ದು ಎಡಗೈಯಿಂದ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಮೇಲೆ ಒಂದು ಖಾಲಿ. ಆಮೇಲೆ ಕಿರುಬೆರಳು.

ಜುಬೇದಾ ದಿನಾ ಸಂಜೆ ಮೇಲಂಗಿಗಳನ್ನು ಗಂಟು ಕಟ್ಟಿ ಕುರುಗೋಡಿಗೆ ಒಯ್ಯುತ್ತಿದ್ದಳು. ಕೈ ಬೀಳದ್ದನ್ನು ಒಗೆದು ತರುತ್ತಿದ್ದಳು. ಕೈ ಬಿದ್ದದ್ದನ್ನು ಕಬ್ಬಿಣದ ಟ್ರಂಕಿಗೆ ಹಾಕಿ, ಬದಲಿಗೆ ಹೊಸದು ಹೊಲಿಯುತ್ತಿದ್ದಳು. ಬರವಣಿಗೆ ಬಾರದವಳು ಅಂಚಿನಲ್ಲಿ ದಾರದಿಂದ ಗುರುತು ಹಾಕುತ್ತಿದ್ದಳು. ಯಾರದು ಎಂಬುದಕ್ಕೆ ದಾರದ ಬಣ್ಣ, ಎಷ್ಟನೇ ದಿನ ಎಂಬುದಕ್ಕೆ ಹೊಲಿಗೆ. ಯಾವುದನ್ನು ಎತ್ತಿಕೊಟ್ಟರೂ ಹೇಳುತ್ತಿದ್ದಳು. ಇದು ಪರ್ವೀನಳದು, ಅವತ್ತು ಮಂಗಳವಾರ, ಕರೆಂಟು ಹೋಗಿತ್ತು. ಇದು ಎರ್ರಮ್ಮನದು, ಅವಳು ಪೊರಕೆ ಎತ್ತಿದ್ದಳು, ಅದಕ್ಕೇ ಹೆಬ್ಬೆರಳು ಅರ್ಧ ಬಿದ್ದಿದೆ.

ಎರಡು ತಿಂಗಳಿಗೆ ಟ್ರಂಕಿನಲ್ಲಿ ಮೂವತ್ತೊಂದಾದವು. ಕೊನೆಯದು ಸುನಂದಾಳದು. ಅವಳ ಬೆನ್ನಿನ ಮೇಲೆ ಅಂಗೈ ಒತ್ತಿ, "ಈಗ ಯಾರಿಗೆ ಹೇಳ್ತಿ ಹೇಳು" ಎಂದಿದ್ದ. ಸುನಂದಾ ಅದನ್ನು ಬಿಚ್ಚಿ ಕೊಟ್ಟಳು. "ಇಷ್ಟ ಸಾಕಲ್ಲ, ಜುಬೇದವ್ವ?"

"ಸಾಕು" ಎಂದಳು ಜುಬೇದಾ.

ಸಮಿತಿಯನ್ನು ಮತ್ತೆ ಕೂರಿಸಿ ಎಂದು ಸುನಂದಾ ಬರೆದು ಕೊಟ್ಟಳು. ಕೆಳಗೆ ನಲವತ್ತು ಹೆಸರು, ಸಹಿ ಬಾರದವರ ಹೆಬ್ಬೆಟ್ಟು. ನಲವತ್ತು ಜನ ಒಟ್ಟಿಗೆ ಎದ್ದರೆ ಆರ್ಡರು ನಿಲ್ಲುತ್ತದೆ. ಕೂರಿಸಿದರು. ಈ ಸಲವೂ ಗವಿಸಿದ್ದಪ್ಪನಿಗೆ ಕುರ್ಚಿ ಇತ್ತು.

ಜುಬೇದಾ ಗಂಟು ಬಿಚ್ಚಿ ಮೇಜಿನ ಮೇಲೆ ಒಂದೊಂದಾಗಿ ಹರವಿದಳು. ಎಲ್ಲವೂ ಬೆನ್ನು ಮೇಲೆ. ಸಾವ್ಕಾರನ ಹೆಂಡತಿ ನೋಡಿದಳು. ತುಟಿ ಬಿಗಿದಳು. ಅವಳ ಕಣ್ಣು ಕುರ್ಚಿಯಲ್ಲಿದ್ದವನ ಎಡಗೈಗೆ ಹೋಯಿತು. ಗವಿಸಿದ್ದಪ್ಪ ಆ ಕೈಯನ್ನು ತೊಡೆಯ ಕೆಳಗೆ ತಳ್ಳಿದ.

"ಅದು ಯಾರ ಕೈಯರ ಆಗಿರಬಹುದು" ಎಂದ ವಕೀಲ.

"ಹೌದ್ರಿ" ಎಂದಳು ಎರ್ರಮ್ಮ ಬಾಗಿಲಿಂದ. "ನಾಕ ಬೆರಳಿನವ್ರು ಬಳ್ಳಾರ್ಯಾಗ ಮಸ್ತ್ ಮಂದಿ ಅದಾರ. ಎಲ್ಲಾರೂ ನಮ್ಮ ಶೆಡ್ಡಿಗೇ ಬರ್ತಾರ."

ದೊಡ್ಡಬಸವರಾಜ ಎದ್ದು ಬಾಗಿಲು ಹಾಕಿದ. ಅವನ ದನಿ ಮೆತ್ತಗಾಯಿತು. "ನೋಡ್ರವ್ವಾ, ಇದು ನಮ್ಮ ಮನಿ ಇದ್ದಂಗ. ಮನಿ ಮಾತು ಮನ್ಯಾಗ ಇರ್ಲಿ. ಆರ್ಡರ್ ಹೋದ್ರ ನಿಮ್ಮ ಹೊಟ್ಟೀನ ಉರಿಯೋದು. ಗವಿಸಿದ್ದಪ್ಪನ್ನ ಇಲ್ಲಿಂದ ತಗೀತೀನಿ. ಸೋಮವಾರದಿಂದ ಸಿರುಗುಪ್ಪದ ಶೆಡ್ಡಿಗೆ ಕಳಿಸ್ತೀನಿ. ಇನ್ನೇನ್ ಬೇಕು?"

"ಅಲ್ಲಿ ಏನಾಗಿ ಹೋಗ್ತಾನ್ರಿ?" ಸುನಂದಾ ಕೇಳಿದಳು.

"ಮ್ಯಾನೇಜರ್ ಅಂತ ಹೋಗ್ತಾನ. ಹಳೇ ಮನುಷ್ಯ. ಒಮ್ಮೆಲೆ ಕೈ ಬಿಡಾಕ ಬರ್ತೈತೇನು?"

"ಗ್ವಾಡಿ ಮ್ಯಾಲಿನ ನನ್ನ ಕಾಗದ?"

"ಇರ್ಲಿ ಬಿಡು. ತಗದ್ರ ಮಂದಿ ಯಾಕ ಅಂತ ಕೇಳ್ತಾರ."

ಗುಮಾಸ್ತ ಮೇಜಿನ ಮೇಲಿನ ಮೇಲಂಗಿಗಳನ್ನು ಬಾಚಿ ಎತ್ತಿಕೊಂಡ. ಹಿಂಬಾಗಿಲಿನಿಂದ ಪ್ಯಾಂಟು ತೊಳೆಯುವ ಜಾಗಕ್ಕೆ ಒಯ್ದು ಬ್ಲೀಚಿನ ಡ್ರಮ್ಮಿಗೆ ಹಾಕಿದ. ಹೆಂಗಸರು ಕಿಟಕಿಯಿಂದ ನೋಡುತ್ತಿದ್ದರು. ಕೋಲಿನಿಂದ ತಿರುವಿದ. ನೀಲಿ ಹಳದಿಯಾಯಿತು, ಹಳದಿ ಮಾಯವಾಯಿತು. ಕ್ಲೋರಿನ್ನಿನ ವಾಸನೆಗೆ ಕಣ್ಣಲ್ಲಿ ನೀರು ಬಂತು. ಗವಿಸಿದ್ದಪ್ಪ ಜುಬೇದಾಳ ಪಕ್ಕ ಹಾದು ಹೋಗುವಾಗ ನಿಂತ.

"ಮುದುಕಿ, ಈ ವಯಸ್ಸಿನ್ಯಾಗ ನಿನಗ್ಯಾಕ ಬೇಕಿತ್ತು? ನಿನ್ನ ಬೆನ್ನು ಯಾರು ಮುಟ್ತಾರ?"

ಅವನಿಗೆ ಆ ಥಾನಿನ ಕೋಣೆ ನೆನಪೇ ಇರಲಿಲ್ಲ. ಜುಬೇದಾ ಅದನ್ನು ಅವನ ಕಣ್ಣಿನಲ್ಲಿ ನೋಡಿದಳು. ಅವಳು ಮೂವತ್ತು ವರ್ಷ ಹೊತ್ತದ್ದು ಅವನಿಗೆ ಒಂದು ಮಧ್ಯಾಹ್ನವೂ ಅಲ್ಲ. ಅಲ್ಲಿಯವರೆಗೆ ಅವಳ ಮನಸ್ಸಿನ ಮೂಲೆಯಲ್ಲಿ ಒಂದು ಚೂರು ಕರುಣೆ ಇದ್ದಿರಬಹುದು, ಕಟ್ಟಿದ ಬೆರಳಿನ ಕರುಣೆ. ಅದೂ ಅಲ್ಲೇ ಸತ್ತಿತು.

ಅವಳು ಮೇಜಿನ ಮೇಲೆ ಹರವಿದ್ದು ಏಳು. ಉಳಿದ ಇಪ್ಪತ್ತನಾಲ್ಕು ಕುರುಗೋಡಿನ ಟ್ರಂಕಿನಲ್ಲಿದ್ದವು. ಸುನಂದಾಳದೂ ಅದರಲ್ಲೇ. ಸಾವ್ಕಾರರನ್ನು ಅವಳು ಮೂವತ್ತು ವರ್ಷ ನೋಡಿದ್ದಳು.

ಸಿರುಗುಪ್ಪದ ಶೆಡ್ಡಿನಲ್ಲಿ ಅವಳ ತಂಗಿಯ ಮಗಳು ಮುನ್ನಿ ಟೈಲರ್. ಆ ಸಂಜೆ ಜುಬೇದಾ ಅವಳಿಗೆ ಫೋನು ಮಾಡಿದಳು.

"ಹೊಸ ಮ್ಯಾನೇಜರ್ ಬರ್ತಾನಂತ, ದೊಡ್ಡವ್ವಾ" ಎಂದಳು ಮುನ್ನಿ. "ಹಾರ ತರಿಸ್ಯಾರ. ಭಾಳ ಒಳ್ಳೆ ಮನುಷ್ಯ ಅಂತ ಹೇಳ್ಯಾರ."

"ಎಷ್ಟು ಮಂದಿ ಅದೀರಿ, ಮುನ್ನಿ?"

"ಮೂವತ್ತು. ಅರ್ಧ ರಾರಾವಿ ಕಡೆಯವ್ರು."

"ಸೋಮವಾರ ಗೇಟು ತಗಿಯೋಕಿಂತ ಮೊದಲು ಎಲ್ಲಾರನ್ನೂ ಬರಾಕ ಹೇಳು. ಬಟ್ಟಿ ಒಣಗಹಾಕೋ ಕ್ಲಿಪ್ಪು ಇದ್ರ ತಗೊಂಡು ಬರ್ಲಿ."

ಶನಿವಾರ ಕೆಲಸ ಬಿಡುವಾಗ ಸುನಂದಾ ಗೋಡೆಯ ಮೇಲಿನ ತನ್ನ ಕಾಗದವನ್ನು ಕಿತ್ತಳು. ನಾಲ್ಕು ಮೂಲೆ ಗೋಡೆಯಲ್ಲೇ ಉಳಿದವು. ನಾಲ್ಕಾಗಿ, ಎಂಟಾಗಿ ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡಳು. ಮನೆಯಲ್ಲಿ ಪರಶು, "ಮತ್ತ ಯಾಕ ಅದರ ಗೊಡವಿ?" ಎಂದ. "ನೀ ಅವತ್ತ ಕೇಳಿದ್ದ್ಯಲ್ಲ, ನಾ ಏನ್ ಮಾಡಿದ್ದೆ ಅಂತ. ಸೋಮವಾರ ಹೇಳ್ತೀನಿ" ಎಂದಳು.

ಸೋಮವಾರ ಮೊದಲ ಬಸ್ಸಿಗೆ ಮೂವರು ಹೊರಟರು. ಜುಬೇದಾ, ಸುನಂದಾ, ಬಳ್ಳಾರಿಯಿಂದ ಬಂದು ಸೇರಿಕೊಂಡ ಎರ್ರಮ್ಮ. ಗಂಟು ಜುಬೇದಾಳ ತೊಡೆಯ ಮೇಲೆ. ತೆಕ್ಕಲಕೋಟೆ ದಾಟುವ ಹೊತ್ತಿಗೆ ಬಿಸಿಲು ಗದ್ದೆಗಳ ಮೇಲೆ ಬಿದ್ದಿತ್ತು. ಕಂಡಕ್ಟರ್, "ಏನಜ್ಜಿ, ಮದಿವಿ ಬಟ್ಟಿ ಏನು?" ಎಂದು ಕೇಳಿದ.

"ಹೌದಪಾ" ಎಂದಳು ಎರ್ರಮ್ಮ. "ಮದಿಮಗ ಹಿಂದ ಕಾರಿನ್ಯಾಗ ಬರಾಕತ್ತಾನ."

ಹತ್ತು ಗಂಟೆಗೆ ದೊಡ್ಡಬಸವರಾಜನ ಕಾರು ಸಿರುಗುಪ್ಪದ ಶೆಡ್ಡಿನ ಮುಂದೆ ನಿಂತಿತು. ಗವಿಸಿದ್ದಪ್ಪ ಇಳಿದ. ಹೊಸ ಅಂಗಿ, ಹೊಸ ಪ್ಯಾಂಟು, ತಿಕ್ಕಿ ತೊಳೆದ ಕೈ. ಗೇಟಿನಿಂದ ಬಾಗಿಲಿನವರೆಗೆ ತಂತಿ ಕಟ್ಟಿತ್ತು. ತಂತಿಗೆ ಇಪ್ಪತ್ತನಾಲ್ಕು ಬಿಳಿ ಮೇಲಂಗಿ, ಬೆನ್ನು ಹೊರಗೆ ಮಾಡಿ ತೂಗುಬಿದ್ದಿದ್ದವು. ಒಂದೊಂದರ ಮೇಲೂ ಒಂದು ನೀಲಿ ಕೈ. ಗಾಳಿಗೆ ಅವು ಅಲ್ಲಾಡುತ್ತಿದ್ದವು, ಬಾ ಎಂದು ಕರೆದ ಹಾಗೆ. ರಸ್ತೆಯಲ್ಲಿ ಜನ ನಿಂತಿದ್ದರು. ಚಹದಂಗಡಿಯವನು ಲೋಟ ಹಿಡಿದುಕೊಂಡೇ ಬಂದಿದ್ದ. ಮೂವತ್ತು ಹೆಂಗಸರು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಒಳಗೆ ಒಂದು ಮಿಷನ್ನೂ ಓಡುತ್ತಿರಲಿಲ್ಲ.

ಗವಿಸಿದ್ದಪ್ಪನ ಎಡಗೈ ಪ್ಯಾಂಟಿನ ಜೇಬಿನೊಳಗೆ ಹೋಯಿತು.

"ಏನಿದು ನಾಟಕ?" ದೊಡ್ಡಬಸವರಾಜ ಕಿರುಚಿದ. "ಮುನ್ನಿ! ಎಲ್ಲಾರೂ ಒಳಗ ನಡೀರಿ! ನಾಳಿ ಲಾರಿ ಬರ್ತೈತಿ!"

"ನಡಿತೀವ್ರಿ" ಎಂದಳು ಮುನ್ನಿ. "ಮ್ಯಾನೇಜರ್ ಸಾಹೇಬ್ರು ಒಂದು ಕಾಗದ ಓದ್ಬೇಕಂತ. ಓದಿದ್ರ ಕುಂದರ್ತೀವಿ."

ಸುನಂದಾ ಮುಂದೆ ಬಂದಳು. ಬ್ಲೌಸಿನಿಂದ ಕಾಗದ ತೆಗೆದು ಅವನ ಮುಂದೆ ಹಿಡಿದಳು. "ನನ್ನ ಹೆಸರು ಇದ್ದಲ್ಲಿ ನಿನ್ನ ಹೆಸರು ಹಾಕು. ನಿನ್ನ ಹೆಸರು ಇದ್ದಲ್ಲಿ ನನ್ನದು ಹಾಕು. ಓದು."

"ಸಾವ್ಕಾರ್ರ..." ಎಂದ ಗವಿಸಿದ್ದಪ್ಪ.

ದೊಡ್ಡಬಸವರಾಜ ರಸ್ತೆಯ ಜನರನ್ನು ನೋಡಿದ. ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. ಅವನು ಒಳಗಿನ ನಿಂತ ಮಿಷನ್ನುಗಳನ್ನು ನೋಡಿದ. ಹಳೇ ಮನುಷ್ಯನನ್ನು ಕೈಬಿಡಲು ಅವನಿಗೆ ಒಂದು ನಿಮಿಷ ಸಾಕಾಯಿತು. "ಓದಿಬಿಡಪಾ" ಎಂದು ಮುಖ ತಿರುಗಿಸಿದ.

ಎಂಟಾಗಿ ಮಡಿಸಿದ ಕಾಗದ. ಒಂದು ಕೈಯಿಂದ ಬಿಚ್ಚಲು ಬರುವುದಿಲ್ಲ. ಗವಿಸಿದ್ದಪ್ಪ ಬಲಗೈಯಲ್ಲಿ ಹಿಡಿದು ಕೊಡವಿದ, ಬಿಚ್ಚಲಿಲ್ಲ. ಹಲ್ಲಿನಿಂದ ಎಳೆದ, ಬಿಚ್ಚಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಎರ್ರಮ್ಮ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

"ಕೈ ಹೊರಗ ತಗಿ, ಮಾಸ್ಟರ್" ಎಂದಳು ಜುಬೇದಾ. "ಜೇಬು ಹೊಲಿದಾಕಿ ನಾನು. ಎಷ್ಟೊತ್ತು ಅದರಾಗ ಅಡಗಿಸ್ತಿ?"

ಎಡಗೈ ಹೊರಗೆ ಬಂತು. ಮೂವತ್ತು ಹೆಂಗಸರು ಅದನ್ನು ನೋಡಿದರು. ಆಮೇಲೆ ತಂತಿಯನ್ನು ನೋಡಿದರು. ಮತ್ತೆ ಕೈಯನ್ನು ನೋಡಿದರು. ರಸ್ತೆಯಲ್ಲಿ ಯಾರೋ ಒಬ್ಬ ಗಟ್ಟಿಯಾಗಿ ಎಣಿಸಿದ. ನಾಲ್ಕಕ್ಕೆ ನಿಲ್ಲಿಸಿದ.

"ಗವಿಸಿದ್ದಪ್ಪ ಎಂಬ ನಾನು..." ಅವನು ಸಾವ್ಕಾರನ ಬೆನ್ನು ನೋಡಿದ. "...ಸುನಂದಾಳ ಮೇಲೆ ಸುಳ್ಳು ಹೇಳಿದ್ದೇನೆ. ನನ್ನ ನಡತೆಗೆ..."

"ಹಿಂದಿನವ್ರಿಗೆ ಕೇಳಂಗಿಲ್ಲ" ಎಂದಳು ಸುನಂದಾ. "ಜೋರಾಗಿ ಓದು."

ಅವನು ಮೊದಲಿನಿಂದ ಮತ್ತೆ ಓದಿದ. ಜೋರಾಗಿ. ನಾಚಿಕೆಪಡುತ್ತೇನೆ ಎಂಬಲ್ಲಿ ದನಿ ಒಡೆಯಿತು. ಕೊನೆಯ ಸಾಲಿನ ಕ್ಷಮೆ ಕೇಳುತ್ತೇನೆ ಎಂಬುದನ್ನೂ ಓದಿದ. ಓದು ಮುಗಿದಾಗ ಅವನು ಸುನಂದಾಳನ್ನಲ್ಲ, ಜುಬೇದಾಳನ್ನು ನೋಡಿದ. ಆಗ ಅವನಿಗೆ ಏನೋ ನೆನಪಾದಂತಿತ್ತು.

"ಜುಬೇದಾ... ಈ ಕೈ ನೀನ ಕಟ್ಟಿದ್ದಿ ಅವತ್ತು. ಅಕ್ಕಾ ಅಂದಿದ್ದೆ ನಿನ್ನ."

"ಕಟ್ಟಿದ್ದೆ" ಎಂದಳು ಜುಬೇದಾ. "ತಪ್ಪು ಮಾಡಿದೆ. ರಕ್ತ ಹರಿಯಾಕ ಬಿಡಬೇಕಿತ್ತು."

ಸುನಂದಾ ಅವನ ಕೈಯಿಂದ ಕಾಗದ ಕಸಿದುಕೊಂಡಳು. ದೊಡ್ಡಬಸವರಾಜ ಮುಂದೆ ಬಂದು, "ಆತಲ್ಲವ್ವಾ, ಓದಿದ. ಕ್ಷಮಿಸಿಬಿಡು. ಇನ್ನ ಇವನ್ನೆಲ್ಲ ತಗೀರಿ" ಎಂದ.

"ತಗೀತೀವ್ರಿ" ಎಂದಳು ಸುನಂದಾ. "ಠಾಣಿಗೆ ಒಯ್ಯಾಕ. ಕ್ಷಮಾ ಕೇಳು ಅಂದೀನಿ, ಕೊಡ್ತೀನಿ ಅಂದಿಲ್ಲ."

ಹೆಂಗಸರು ಕ್ಲಿಪ್ಪು ತೆಗೆದು, ಕೈ ಒಳಗೆ ಬರುವ ಹಾಗೆ ಒಂದೊಂದಾಗಿ ಮಡಿಸಿ ಜುಬೇದಾಳ ಗಂಟಿಗೆ ಇಟ್ಟರು. ರಾರಾವಿಯ ಇಬ್ಬರು, ನಾವೂ ಬರ್ತೀವಿ ಎಂದು ಚಪ್ಪಲಿ ಮೆಟ್ಟಿದರು. ಮುನ್ನಿ ಹೊಸ ಮ್ಯಾನೇಜರನಿಗೆ ತರಿಸಿದ್ದ ಹಾರವನ್ನು ಗೇಟಿನ ಮೊಳೆಗೆ ನೇತುಹಾಕಿ ಹಿಂದೆ ಬಂದಳು.

"ಏ ಯಕ್ಕಾ, ಠಾಣ್ಯಾಗ ಕೇಳ್ತಾರ" ಎಂದಳು ಎರ್ರಮ್ಮ ದಾರಿಯಲ್ಲಿ. "ಇಷ್ಟು ಹೊಲಸು ಬಟ್ಟಿ, ಒಗೀದ ಹಂಗ ಯಾಕ ತಂದೀರಿ ಅಂತಾರ."

ಜುಬೇದಾ ಗಂಟನ್ನು ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಬದಲಿಸಿದಳು.

"ಮೂವತ್ತು ವರ್ಷ ನಾವ ಒಗದೀವಿ. ಇನ್ನ ಅವ್ರು ಒಗೀಲಿ" ಎಂದಳು. "ಬಿರಬಿರ ನಡೀರಿ. ಸಂಜೀಕ ನನಗ ಕುರುಗೋಡು ಬಸ್ಸು ತಪ್ಪಬಾರದು."